ಅನುವಾದಿತ ಪ್ರಶ್ನಾವಳಿಯಿಂದ ಮನಸ್ಸನ್ನು ಅಳೆಯಬಹುದೇ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ಶಾಲೆಯ ಸ್ಥಾಪನೆ, ಬೆಳವಣಿಗೆಗಳ ಕುರಿತು ಬರೆಯಲು ನನಗಿಂತ ಸಮರ್ಥರು ಇದ್ದಾರೆ. ಆದುದರಿಂದ ಇತ್ತೀಚೆಗೆ ನನ್ನ ಮನಸ್ಸನ್ನು ಬಹುವಾಗಿ ಕಾಡಿದ ವಿಷಯವೊಂದನ್ನು ಹಳೆ ವಿದ್ಯಾರ್ಥಿ ಮಿತ್ರರ ಹಾಗೂ ಊರ ಕನ್ನಡ ಬಂಧುಗಳ ಮುಂದಿಡುತ್ತೇನೆ. ವಿಷಯ ಹೊಸದಾದರೂ ಗಡಿನಾಡಿನವರಾದ ನಮಗೆ ಅದು ಅಪರಿಚಿತವಲ್ಲವೆಂಬುದು ಓದುತ್ತಾ ಹೋದಂತೆ ತಿಳಿಯುವುದು.

ನಮ್ಮ ಶಾಲೆಯಲ್ಲಿ ಓದಿ, ಈಗ ಮನಶ್ಶಾಸ್ತ್ರದ ಉನ್ನತ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಮನೆಗೆ ಬಂದಳು. ಇಂಗ್ಲಿಷಿನ ಒಂದು ಪ್ರಶ್ನಾವಳಿ, ಅದಕ್ಕೆ ತಾನು ಅಭ್ಯಾಸಕ್ಕಾಗಿ ಮಾಡಿದ್ದ ಕನ್ನಡ ಅನುವಾದ, ಎರಡನ್ನೂ ಮೇಜಿನ ಮೇಲಿಟ್ಟು, “ಸರ್, ಇದು ನಮ್ಮೂರವರಿಗೆ ಅರ್ಥವಾಗುವ ಕನ್ನಡವೇ ಎಂದು ನೋಡಿಕೊಡಿ” ಎಂದಳು. ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಶಿಕ್ಷಕ ತರಬೇತಿ ಪಡೆದು ಪಾಠ ಹೇಳಿದವನು. ಮನಶ್ಶಾಸ್ತ್ರಜ್ಞನಲ್ಲ. ಕಾಗುಣಿತ ತಿದ್ದುವ ಅರ್ಧ ಗಂಟೆಯ ಕೆಲಸವೆಂದು ಭಾವಿಸಿದೆ. ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನಗಳಲ್ಲಿ ನಾನು ಕಲಿತುದೇ ಈ ಲೇಖನದ ಸಾರ.

ಅಳೆಯಹೊರಟಿರುವುದು ಏನನ್ನು?

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಹೆಸರನ್ನು ಅನೇಕರು ಕೇಳಿರಬಹುದು. ಇಲ್ಲದ ಧ್ವನಿಗಳು ಕೇಳಿಸುವುದು, ಯಾರೋ ತನ್ನ ವಿರುದ್ಧ ಸಂಚು ಹೂಡುತ್ತಿದ್ದಾರೆಂಬ ಅಚಲ ನಂಬಿಕೆ, ಮಾತು ವಿಚಾರಗಳ ಕೊಂಡಿ ಕಳಚುವುದು, ಇವು ಅದರ ಮುಖ್ಯ ಲಕ್ಷಣಗಳು. 1908ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್ ಈ ಹೆಸರನ್ನು ಬಳಕೆಗೆ ತಂದರು. ಅದು ಸೀಳು ಮತ್ತು ಮನಸ್ಸು ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳಿಂದಾದುದು. ಕನ್ನಡದಲ್ಲಿ ಅದನ್ನೇ ಅನುಸರಿಸಿ ‘ಛಿನ್ನಮನಸ್ಕತೆ’ ಎಂದರು. ಒಬ್ಬನೊಳಗೆ ಇಬ್ಬರಿರುತ್ತಾರೆಂಬ ತಪ್ಪು ಕಲ್ಪನೆ ಹರಡಲು ಇಂತಹ ಹೆಸರುಗಳೂ ಕಾರಣವಾದವು. ಜಪಾನಿನಲ್ಲಿಯೂ ‘ಒಡೆದ ಮನಸ್ಸಿನ ರೋಗ’ ಎಂಬ ಅರ್ಥದ ಹೆಸರಿತ್ತು. ಅದು ರೋಗಿಗಳಿಗೂ ಮನೆಯವರಿಗೂ ಕಳಂಕವಾಗಿದೆಯೆಂದು 2002ರಲ್ಲಿ ಅಲ್ಲಿಯವರು ಹೆಸರನ್ನೇ ಬದಲಾಯಿಸಿದರು. ಅನುವಾದದ ಒಂದು ಶಬ್ದವೂ ಮನುಷ್ಯನ ಬಾಳಿಗೆ ತಗಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಕಾಯಿಲೆಯಿಲ್ಲದಿದ್ದರೂ ಅದರ ನೆರಳಿನಂತಹ ಗುಣಗಳು ಕೆಲವರಲ್ಲಿ ಕಾಣುವುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಅವರು ಉದ್ಯೋಗ ಮಾಡುತ್ತಾರೆ, ಸಂಸಾರ ನಡೆಸುತ್ತಾರೆ. ಆದರೆ ಒಂಟಿತನ, ಸಂಶಯ, ವಿಲಕ್ಷಣ ನಂಬಿಕೆ, ವಿಚಿತ್ರ ಮಾತುಗಾರಿಕೆ ಅವರಲ್ಲಿ ಹೆಚ್ಚು. 1950ರ ದಶಕದ ಆದಿಯಲ್ಲಿ ಸ್ಯಾಂಡರ್ ರಾಡೋ ಎಂಬವರು ಇದಕ್ಕೆ ‘ಸ್ಕಿಜೋಟೈಪ್’ ಎಂಬ ಹೆಸರನ್ನು ಕೊಟ್ಟರು. 1962ರಲ್ಲಿ ಅಮೆರಿಕದ ಪಾಲ್ ಮೀಲ್ ಇದಕ್ಕೊಂದು ಸಿದ್ಧಾಂತವನ್ನು ಮಂಡಿಸಿದರು. 1960ರ ದಶಕದಲ್ಲಿ ಡೆನ್ಮಾರ್ಕಿನ ದತ್ತು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ರೋಗಿಗಳ ರಕ್ತಸಂಬಂಧಿಗಳಲ್ಲಿ ಇಂತಹ ಸೌಮ್ಯ ಲಕ್ಷಣಗಳು ಹೆಚ್ಚಾಗಿರುವುದು ಕಂಡುಬಂತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಇದನ್ನು ‘ಸ್ಕಿಜೋಟೈಪಲ್ ವ್ಯಕ್ತಿತ್ವ ದೋಷ’ವೆಂದು ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಾದರೋ ಇದನ್ನು ವ್ಯಕ್ತಿತ್ವ ದೋಷಗಳೊಡನೆ ಸೇರಿಸದೆ ಸ್ಕಿಜೋಫ್ರೇನಿಯಾದ ಗುಂಪಿನಲ್ಲಿರಿಸಿದೆ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಈ ಗುಣಗಳು ಸ್ವಲ್ಪಮಟ್ಟಿಗೆ ನಮ್ಮೆಲ್ಲರಲ್ಲಿಯೂ ಇವೆ. ಅಳತೆಯಲ್ಲಿ ಹೆಚ್ಚು ಅಂಕ ಬಂದವರೆಲ್ಲ ರೋಗಿಗಳಲ್ಲ, ರೋಗಿಗಳಾಗುವವರೂ ಅಲ್ಲ. ಅಮೆರಿಕದಲ್ಲಿ ಇಂತಹ ಅಳತೆಗಳಲ್ಲಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗಳನ್ನು ಹತ್ತು ವರ್ಷಗಳ ಬಳಿಕ ಪುನಃ ಕಂಡು, 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಅವರಲ್ಲಿ ಬಹುಪಾಲು ಮಂದಿ ತೀವ್ರ ಮನೋರೋಗಕ್ಕೆ ತುತ್ತಾಗಿರಲಿಲ್ಲ.

ಎಪ್ಪತ್ತನಾಲ್ಕು ಪ್ರಶ್ನೆಗಳು

ನನ್ನ ಮೇಜಿನ ಮೇಲಿದ್ದ ಪ್ರಶ್ನಾವಳಿಯನ್ನು ರಚಿಸಿದವರು ಏಡ್ರಿಯನ್ ರೇನ್. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿದ್ದಾಗ 1991ರಲ್ಲಿ ಅವರು ಅದನ್ನು ಪ್ರಕಟಿಸಿದರು. ಒಟ್ಟು 74 ಪ್ರಶ್ನೆಗಳು. ಉತ್ತರ ‘ಹೌದು’ ಅಥವಾ ‘ಇಲ್ಲ’. ಪ್ರತಿ ‘ಹೌದಿ’ಗೂ ಒಂದು ಅಂಕ. ಪ್ರಶ್ನೆಗಳು ಒಂಬತ್ತು ಗುಂಪುಗಳಿಗೆ ಸೇರಿವೆ. ಎಲ್ಲವೂ ತನ್ನನ್ನೇ ಕುರಿತು ನಡೆಯುತ್ತಿದೆಯೆಂಬ ಭಾವನೆ, ಜನರ ನಡುವೆ ಅತಿಯಾದ ಅಂಜಿಕೆ, ಅತೀಂದ್ರಿಯ ನಂಬಿಕೆಗಳು, ಅಸಾಮಾನ್ಯ ಇಂದ್ರಿಯಾನುಭವಗಳು, ವಿಲಕ್ಷಣ ನಡವಳಿಕೆ, ಆಪ್ತ ಮಿತ್ರರಿಲ್ಲದಿರುವಿಕೆ, ವಿಚಿತ್ರ ಮಾತು, ಭಾವನೆಯನ್ನು ಹೊರಗೆಡಹದಿರುವಿಕೆ, ಸಂಶಯ, ಇವೇ ಆ ಒಂಬತ್ತು. 1995ರಲ್ಲಿ 22 ಪ್ರಶ್ನೆಗಳ ಸಂಕ್ಷಿಪ್ತ ರೂಪವೂ ಬಂತು.

ಒಂದು ಅಳತೆ ಒಳ್ಳೆಯದೆಂದು ಹೇಳಲು ಎರಡು ಗುಣಗಳು ಬೇಕು. ಮೊದಲನೆಯದು ಸ್ಥಿರತೆ. ಅದೇ ಅಕ್ಕಿಯನ್ನು ಅದೇ ಸೇರಿನಿಂದ ಇಂದು ಅಳೆದರೂ ಬರುವ ತಿಂಗಳು ಅಳೆದರೂ ಹೆಚ್ಚುಕಡಿಮೆ ಒಂದೇ ಲೆಕ್ಕ ಬರಬೇಕು. ಎರಡನೆಯದು ಯಥಾರ್ಥತೆ. ಅಕ್ಕಿಯನ್ನು ಅಳೆಯುತ್ತೇನೆಂದು ಹೇಳಿ ಹೊಟ್ಟನ್ನು ಅಳೆಯಬಾರದು. ರೇನ್ ಅವರ ಪ್ರಶ್ನಾವಳಿಯಲ್ಲಿ ಪ್ರಶ್ನೆಗಳ ಪರಸ್ಪರ ಹೊಂದಾಣಿಕೆ 0.91, ಮರುಪರೀಕ್ಷೆಯ ಹೊಂದಾಣಿಕೆ 0.82 ಬಂತು. ಪೂರ್ಣ ಹೊಂದಾಣಿಕೆಗೆ 1 ಎಂದು ಲೆಕ್ಕವಾದುದರಿಂದ ಇವು ಒಳ್ಳೆಯ ಅಂಕಗಳೇ. ಯಥಾರ್ಥತೆಯನ್ನು ತಿಳಿಯಲು, ಅತಿ ಹೆಚ್ಚು ಅಂಕ ಬಂದ ನೂರಕ್ಕೆ ಹತ್ತು ಮಂದಿಯ ಗುಂಪಿನವರನ್ನು ಸಂದರ್ಶಿಸಿದರು. ಅವರಲ್ಲಿ ಶೇಕಡಾ 55 ಮಂದಿಗೆ ಆ ವ್ಯಕ್ತಿತ್ವ ದೋಷವಿರುವುದು ದೃಢವಾಯಿತು. ಎಂದರೆ, ಪ್ರಶ್ನಾವಳಿ ಹುಟ್ಟಿದ ನೆಲದಲ್ಲಿಯೇ, ಹುಟ್ಟಿದ ಭಾಷೆಯಲ್ಲಿಯೇ, ಮೇಲಿನ ಅಂಕದವರಲ್ಲಿ ಅರ್ಧದ ಹತ್ತಿರದಷ್ಟು ಮಂದಿಗೆ ಆ ದೋಷವಿರಲಿಲ್ಲ. ಇದು ಜರಡಿಯೇ ಹೊರತು ತೀರ್ಪಲ್ಲ. ಕೊನೆಯ ಮಾತು ವೈದ್ಯರ ಸಂದರ್ಶನದ್ದು.

ಶಬ್ದ ದಾಟಿತು, ಅರ್ಥ ಉಳಿಯಿತು

ಈಗ ಅನುವಾದಕ್ಕೆ ಬರೋಣ. ಸಮಾರಂಭಗಳಲ್ಲಿ ಮುಂದೆ ಬಾರದೆ ಹಿಂದೆ ಉಳಿಯುವ ಸ್ವಭಾವವನ್ನು ಕುರಿತ ಪ್ರಶ್ನೆಯೊಂದಿದೆ. ನಮ್ಮ ವಿದ್ಯಾರ್ಥಿನಿ ನಿಘಂಟನ್ನು ನೋಡಿ ‘ಹಿನ್ನೆಲೆಯಲ್ಲಿ ಇರುವಿರಾ?’ ಎಂದು ಬರೆದಿದ್ದಳು. ಅದನ್ನು ನೆರೆಮನೆಯ ಹಿರಿಯ ಮಹಿಳೆಯೊಬ್ಬರಿಗೆ ಓದಿ ಹೇಳಿದಾಗ ಅವರು, “ಇಲ್ಲ ಮಾಸ್ಟ್ರೇ, ನನಗೆ ಹಾಡಲು ಬಾರದು” ಎಂದರು. ಹಿನ್ನೆಲೆಯೆಂದರೆ ಅವರಿಗೆ ತಿಳಿದಿದ್ದುದು ಹಿನ್ನೆಲೆ ಗಾಯನ. ಜನರಿಂದ ದೂರ ಸರಿದವರಂತೆ ಇತರರಿಗೆ ಕಾಣುತ್ತೀರಾ ಎಂಬ ಆಶಯದ ಇನ್ನೊಂದು ಪ್ರಶ್ನೆಗೆ ಆಕೆ ‘ನಿರ್ಲಿಪ್ತ’ ಎಂಬ ಶಬ್ದವನ್ನು ಹಾಕಿದ್ದಳು. ಇಂಗ್ಲಿಷಿನಲ್ಲಿ ಅದು ಕೊರತೆ. ಕನ್ನಡದಲ್ಲಿ ನಿರ್ಲಿಪ್ತತೆ ಸಾಧಕರ ಲಕ್ಷಣ, ನೀರಿನಲ್ಲಿದ್ದೂ ನೀರಂಟದ ತಾವರೆಯೆಲೆಯ ಗುಣ. ನಮ್ಮ ಹಿರಿಯರೊಬ್ಬರು ಆ ಪ್ರಶ್ನೆಗೆ ಸಂತೋಷದಿಂದ ‘ಹೌದು’ ಎಂದಾರು, ಅವರಿಗೆ ಒಂದು ದೋಷಾಂಕ ಸಂದೀತು!

ಇಂತಹ ತಪ್ಪುಗಳನ್ನು ಹಿಡಿಯಲು ವಿದ್ವಾಂಸರು ಒಂದು ಉಪಾಯವನ್ನು ಅನುಸರಿಸುತ್ತಾರೆ. ಅದಕ್ಕೆ ಮರು ಅನುವಾದವೆಂದು ಹೆಸರು. ಮೂಲವನ್ನು ನೋಡದ ಇನ್ನೊಬ್ಬರು ಕನ್ನಡವನ್ನು ಪುನಃ ಇಂಗ್ಲಿಷಿಗೆ ತರಬೇಕು. ಎರಡು ಇಂಗ್ಲಿಷ್ ಪಾಠಗಳನ್ನು ಹೋಲಿಸಿ ನೋಡಬೇಕು. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಈ ವಿಧಾನವನ್ನು ಕ್ರಮಬದ್ಧವಾಗಿ ವಿವರಿಸಿದರು. ಉಪಾಯ ಒಳ್ಳೆಯದೇ. ಆದರೆ ಅದರಲ್ಲೊಂದು ಬಲೆಯಿದೆ. ‘ಹಿನ್ನೆಲೆ’ ಎಂಬುದು ಮರು ಅನುವಾದದಲ್ಲಿ ಮೂಲದ ಅದೇ ಇಂಗ್ಲಿಷ್ ಶಬ್ದವಾಗಿ ಯಾವ ತೊಂದರೆಯೂ ಇಲ್ಲದೆ ಹಿಂದಿರುಗುತ್ತದೆ. ಪದಕ್ಕೆ ಪದವಿಟ್ಟ ಕೃತಕ ಕನ್ನಡವೇ ಈ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗುತ್ತದೆ. ‘ಜನ ಸೇರಿದಲ್ಲಿ ಮೂಲೆಯಲ್ಲಿ ಕುಳಿತುಕೊಳ್ಳುತ್ತೀರಾ?’ ಎಂಬ ಹಸನಾದ ಕನ್ನಡವು ಬೇರೆ ಇಂಗ್ಲಿಷಾಗಿ ಮರಳಿ, ತಪ್ಪೆನಿಸಿಕೊಳ್ಳುತ್ತದೆ. ಆದುದರಿಂದ ವಿದ್ವಾಂಸರ ಪರೀಕ್ಷೆಯಷ್ಟೇ ಸಾಲದು. ಉತ್ತರಿಸಬೇಕಾದ ಜನರ ಎದುರು ಕುಳಿತು, ಈ ಪ್ರಶ್ನೆಯಿಂದ ನಿಮಗೆ ಏನು ತಿಳಿಯಿತೆಂದು ಒಂದೊಂದಾಗಿ ಕೇಳಬೇಕು. ಇಂಗ್ಲಿಷ್ ಬಾರದ ನೆರೆಮನೆಯ ಆ ತಾಯಿಯೇ ಅಲ್ಲಿ ನಿಜವಾದ ಪರೀಕ್ಷಕಿ.

ಸಾಮಾನ್ಯವೆಂಬುದು ಊರಿಂದೂರಿಗೆ ಬೇರೆ

ಶಬ್ದಗಳನ್ನೆಲ್ಲ ಸರಿಪಡಿಸಿದೆವೆಂದು ಇಟ್ಟುಕೊಳ್ಳೋಣ. ಅದಕ್ಕಿಂತ ದೊಡ್ಡ ತೊಡಕು ಅಲ್ಲಿಂದ ಮುಂದೆ ಆರಂಭವಾಗುತ್ತದೆ. ಜ್ಯೋತಿಷ, ಭವಿಷ್ಯಜ್ಞಾನ, ಹಾರುವ ತಟ್ಟೆ, ಆರನೆಯ ಇಂದ್ರಿಯ, ಇವುಗಳ ಅನುಭವ ನಿಮಗಾಗಿದೆಯೇ ಎಂದು ಒಂದೇ ಉಸಿರಿನಲ್ಲಿ ಕೇಳುವ ಪ್ರಶ್ನೆಯಿದೆ. ಪ್ರಶ್ನೆಯನ್ನು ರಚಿಸಿದ ನಾಡಿನಲ್ಲಿ ಇವೆಲ್ಲ ಒಂದೇ ಕಪಾಟಿನ ಸರಕುಗಳಾಗಿರಬಹುದು. ಕಾಸರಗೋಡಿನ ಗೃಹಸ್ಥನೊಬ್ಬನಿಗೆ ಹಾರುವ ತಟ್ಟೆಯ ಗಂಧವೂ ಇಲ್ಲ. ಆದರೆ ಜಾತಕ ನೋಡದೆ ಮಗಳ ಮದುವೆಯಿಲ್ಲ, ಅಷ್ಟಮಂಗಲ ಪ್ರಶ್ನೆಯಿಡದೆ ತರವಾಡಿನ ಜೀರ್ಣೋದ್ಧಾರವಿಲ್ಲ. ಕಾಣದ ಶಕ್ತಿಯೊಂದು ಹತ್ತಿರವಿದೆಯೆಂದು ಅನ್ನಿಸಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಭೂತದ ಕೋಲವನ್ನೋ ತೆಯ್ಯವನ್ನೋ ನೋಡಿ, ದರ್ಶನ ಪಾತ್ರಿಯ ನುಡಿಗೆ ಕೈಮುಗಿದು ಬಂದವನು ಇದಕ್ಕೆ ಏನೆಂದು ಉತ್ತರಿಸಬೇಕು? ಆತ ‘ಹೌದು’ ಎಂದರೆ ಅದು ಅವನ ಮನಸ್ಸಿನ ವಿಲಕ್ಷಣತೆಯಲ್ಲ, ಊರಿನವರೊಡನೆ ಅವನಿಗಿರುವ ಹೊಂದಾಣಿಕೆ.

ಅಮೆರಿಕದ ಕೈಪಿಡಿಯು ಈ ಎಚ್ಚರಿಕೆಯನ್ನು ಹೇಳಿಯೇ ಇದೆ. ನಂಬಿಕೆಯು ಆ ವ್ಯಕ್ತಿಯ ಸಮುದಾಯದ ರೂಢಿಗೆ ಹೊಂದದಿದ್ದರೆ ಮಾತ್ರ ಅದನ್ನು ಲಕ್ಷಣವೆಂದು ಎಣಿಸಬೇಕೆಂಬುದು ಅದರ ನಿಯಮ. ಆದರೆ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳ ಮುಂದೆ ಸಮುದಾಯಕ್ಕೆ ಜಾಗವಿಲ್ಲ. ನಿಯಮದಲ್ಲಿರುವ ಮುಖ್ಯವಾದ ಮಾತು ಕಾಗದದಲ್ಲಿ ಬಿಟ್ಟುಹೋಗುತ್ತದೆ.

ಉಳಿದ ಗುಂಪುಗಳಿಗೂ ಇದೇ ಗತಿ. ಮಾತನಾಡುವಾಗ ಎದುರಿನವರ ಕಣ್ಣನ್ನು ನೋಡದಿರುವುದು ಅಲ್ಲಿ ಒಂದು ಲಕ್ಷಣ. ಹಿರಿಯರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬಾರದೆಂದು ಮಕ್ಕಳಿಗೆ ಕಲಿಸಿದವರಲ್ಲಿ ನಾನೂ ಒಬ್ಬ. ಮಾತು ವಿಚಿತ್ರವಾಗಿದೆಯೆಂದು ಜನ ಹೇಳುತ್ತಾರೆಯೇ ಎಂದು ಕೇಳಿದರೆ, ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡವೆಂದು ದಿನಕ್ಕೆ ಮೂರು ಭಾಷೆಗಳನ್ನು ದಾಟುವ ನಮ್ಮ ಮಗು ಏನು ಹೇಳಬೇಕು? ಮೈಸೂರಿಗೆ ಹೋದರೆ ನಮ್ಮ ಕನ್ನಡ ವಿಚಿತ್ರ, ಕಣ್ಣೂರಿಗೆ ಹೋದರೆ ನಮ್ಮ ಮಲಯಾಳ ವಿಚಿತ್ರ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಂದಿನಿಂದ, ಅರ್ಥವಾಗದ ಭಾಷೆಯ ಕಾಗದಗಳನ್ನು ಕಚೇರಿಗಳಿಂದ ಪಡೆಯುತ್ತಾ ಬಂದವರಲ್ಲಿ ತುಸು ಸಂಶಯವಿದ್ದರೆ ಅದನ್ನು ರೋಗವೆನ್ನಲಾದೀತೇ? ಇದಲ್ಲದೆ, ಮನೆಗೆ ಬಂದ ಅತಿಥಿ ಏನು ಕೇಳಿದರೂ ‘ಹೌದು ಹೌದು’ ಎನ್ನುವ ನಮ್ಮ ದಾಕ್ಷಿಣ್ಯ ಬೇರೆ. ಎಪ್ಪತ್ತನಾಲ್ಕರಲ್ಲಿ ಪ್ರತಿಯೊಂದು ‘ಹೌದೂ’ ದೋಷದ ಕಡೆಗೇ ಸಲ್ಲುವುದರಿಂದ ದಾಕ್ಷಿಣ್ಯವೂ ಅಂಕವಾಗಿ ಬೆಳೆಯುತ್ತದೆ.

ಹೀಗೆಂದಾಕ್ಷಣ ಎಲ್ಲವೂ ಸಂಸ್ಕೃತಿ, ಕಾಯಿಲೆಯೆಂಬುದೇ ಇಲ್ಲವೆಂದು ಯಾರೂ ತಿಳಿಯಬಾರದು. ಅದು ಮೊದಲಿನ ತಪ್ಪಿಗಿಂತ ಕೆಟ್ಟ ತಪ್ಪು. ಮಗನು ಊಟ ನಿದ್ದೆ ಬಿಟ್ಟು, ಕೋಣೆಯ ಬಾಗಿಲು ಹಾಕಿ, ಕೇಳದ ಧ್ವನಿಗಳೊಡನೆ ಜಗಳವಾಡುತ್ತಿದ್ದರೂ ವರ್ಷಗಟ್ಟಲೆ ಪ್ರಶ್ನೆ ಪರಿಹಾರಗಳಲ್ಲಿಯೇ ಕಳೆದ ಮನೆಗಳನ್ನು ನಾನು ಕಂಡಿದ್ದೇನೆ. ಕೋಲದ ದಿನ ದರ್ಶನ ಬಂದು ಮರುದಿನ ಬೆಳಗ್ಗೆ ತೋಟಕ್ಕೆ ಹೋಗುವವನಿಗೂ, ಬಾಳಿನ ಹಳಿಯೇ ತಪ್ಪಿದವನಿಗೂ ಇರುವ ಅಂತರವನ್ನು ಊರವರೂ ಬಲ್ಲರು, ವೈದ್ಯರೂ ಬಲ್ಲರು. ಅದನ್ನು ತಿಳಿಯಲಾರದುದು ಕಾಗದವೊಂದೇ.

ಹಾಗಾದರೆ ಅಳೆಯುವುದೇ ವ್ಯರ್ಥವೇ?

ವ್ಯರ್ಥವಲ್ಲ. ಸರಿಯಾಗಿ ಮಾಡಿದ ಕೆಲಸಗಳಿವೆ. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಬಹುಪಾಲು ಜನರು ಭಾರತ ಮೂಲದವರು, ಆಡುಮಾತು ಕ್ರಿಯೋಲ್. ಅಲ್ಲಿಯ ವಕ್ವಾ ಮತ್ತು ಕಾತ್ರ್ ಬೋರ್ನ್ ಎಂಬ ಎರಡು ಪಟ್ಟಣಗಳ ಮೂರು ವರ್ಷದ 1,795 ಮಕ್ಕಳನ್ನು 1972ರಿಂದ ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಆ ಮಕ್ಕಳು ಬೆಳೆದು ಯುವಕರಾದ ಮೇಲೆ ಇದೇ ಪ್ರಶ್ನಾವಳಿಯನ್ನು ಕ್ರಿಯೋಲಿಗೆ ತಂದು ಕೇಳಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 1,201 ಮಂದಿಯ ಉತ್ತರಗಳಿದ್ದವು. ಅನುಭವ ನಂಬಿಕೆಗಳ ಗುಣಗಳು, ಜನಸಂಪರ್ಕದ ಗುಣಗಳು, ಮಾತು ನಡತೆಗಳ ಗುಣಗಳು ಎಂದು ಅಮೆರಿಕದಲ್ಲಿ ಕಂಡ ಮೂರು ಕಟ್ಟುಗಳೇ ಅಲ್ಲಿಯೂ, ಬೇರೆ ಬೇರೆ ಮತಧರ್ಮದವರಲ್ಲಿಯೂ ಕಂಡವು. ಗ್ರೀಸಿನಲ್ಲಿ ಸೇನಾ ತರಬೇತಿಯಲ್ಲಿದ್ದ 1,355 ಯುವಕರನ್ನು ಕೇಳಿ 2004ರಲ್ಲಿ ಪ್ರಕಟಿಸಿದಾಗ, ಸಂಶಯವು ಪ್ರತ್ಯೇಕ ಕಟ್ಟಾಗಿ ನಿಂತು ನಾಲ್ಕು ಕಟ್ಟುಗಳೇ ಹೆಚ್ಚು ಹೊಂದಿದವು. ಅನುವಾದವಾದ ಮೇಲೆ ಪ್ರತಿಯೊಂದು ನಾಡಿನಲ್ಲಿಯೂ ಹೊಸದಾಗಿ ಲೆಕ್ಕ ಹಾಕಿ ನೋಡಬೇಕೆಂಬುದು ಇದರಿಂದ ಸ್ಪಷ್ಟ.

ಗುಣಗಳು ಕಟ್ಟುಕಟ್ಟಾಗಿ ಸೇರುವ ರೀತಿ ಎರಡು ನಾಡುಗಳಲ್ಲಿ ಒಂದೇ ಆಗಿರಬಹುದು. ಆದರೆ ಎಷ್ಟು ಅಂಕ ಬಂದರೆ ಹೆಚ್ಚು ಎಂಬ ಗೆರೆ ಒಂದೇ ಆಗಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಿಗೆ ಎಳೆದ ಗೆರೆಯನ್ನು ಕುಂಬಳೆಯಲ್ಲಿ ಎಳೆಯಬಾರದು. ಕುಂಬಳೆಯವನನ್ನು ಕುಂಬಳೆಯವರೊಡನೆ ಹೋಲಿಸಬೇಕು.

ಸಮಾನರನ್ನು ಸಮಾನರೊಡನೆ ಹೋಲಿಸಿದಾಗ ಈ ಅಳತೆ ಎಷ್ಟು ಉಪಕಾರಿಯಾಗಬಲ್ಲುದೆಂಬುದನ್ನೂ ಮಾರಿಷಸ್ ತೋರಿಸಿಕೊಟ್ಟಿದೆ. ಆ ಮಕ್ಕಳಲ್ಲಿ ನೂರು ಮಂದಿಗೆ ಮೂರರಿಂದ ಐದನೆಯ ವಯಸ್ಸಿನವರೆಗೆ ಎರಡು ವಿಶೇಷ ಶಿಶುಶಾಲೆಗಳಲ್ಲಿ ಒಳ್ಳೆಯ ಊಟ, ಪಾಠ, ವ್ಯಾಯಾಮಗಳನ್ನು ಒದಗಿಸಿದ್ದರು. ಅವರು ಬೆಳೆದ ಮೇಲೆ ಅಳೆದಾಗ, ಸಾಮಾನ್ಯ ಶಿಶುಶಾಲೆಗೆ ಹೋದವರಿಗಿಂತ ಇವರಲ್ಲಿ ಈ ಗುಣಗಳ ಅಂಕ ಕಡಿಮೆಯಿತ್ತು. ಅದರಲ್ಲಿಯೂ ಚಿಕ್ಕಂದಿನಲ್ಲಿ ಪೌಷ್ಟಿಕತೆಯ ಕೊರತೆಯಿದ್ದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. 2003ರಲ್ಲಿ ಇದು ಪ್ರಕಟವಾಯಿತು. ಒಂದೇ ಊರು, ಒಂದೇ ಭಾಷೆ, ಒಂದೇ ಪ್ರಶ್ನಾವಳಿ. ಆದುದರಿಂದಲೇ ಆ ಹೋಲಿಕೆ ನಂಬತಕ್ಕುದು. ಶಾಲೆಯೊಂದರ ಅನ್ನವೂ ಅಕ್ಷರವೂ ಹಲವು ವರ್ಷಗಳ ಮೇಲೆ ಮನಸ್ಸಿನ ಸ್ವಾಸ್ಥ್ಯವಾಗಿ ಕಾಣಿಸಿಕೊಳ್ಳಬಹುದೆಂಬ ಮಾತು, ಬದುಕನ್ನೆಲ್ಲ ಶಾಲೆಯಲ್ಲಿ ಕಳೆದ ನನಗೆ ಎಷ್ಟು ಸಮಾಧಾನ ತಂದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ತಪ್ಪೊಪ್ಪಿಗೆ

ಕೊನೆಯದಾಗಿ, ಆ ಹದಿನೈದು ದಿನಗಳಲ್ಲಿ ನನ್ನ ನಿದ್ದೆಗೆಡಿಸಿದ ಸಂಗತಿಯನ್ನು ಹೇಳುತ್ತೇನೆ. 1980ರ ದಶಕದಲ್ಲಿ ನನ್ನ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಯಾರೊಡನೆಯೂ ಬೆರೆಯುತ್ತಿರಲಿಲ್ಲ. ಕಣ್ಣೆತ್ತಿ ನೋಡುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಕೂಡಲೇ ಉತ್ತರಿಸದೆ ತುಟಿಯಲ್ಲಿಯೇ ಏನೋ ಗುಣುಗುಣಿಸುತ್ತಿದ್ದ. ಅವನು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆಂದು ಮಕ್ಕಳು ನಗುತ್ತಿದ್ದರು. ಒಂದು ದಿನ ಅವನ ತಂದೆಯನ್ನು ಕರೆಸಿ, “ಹುಡುಗನ ತಲೆ ಸರಿಯಿದ್ದಂತಿಲ್ಲ, ಓದಿಸಿ ಪ್ರಯೋಜನವಿಲ್ಲ” ಎಂದುಬಿಟ್ಟೆ. ಮಾಸ್ಟರ ಮಾತೆಂದರೆ ಆ ಕಾಲದಲ್ಲಿ ವೇದವಾಕ್ಯ. ಮುಂದಿನ ವಾರದಿಂದ ಹುಡುಗ ಶಾಲೆಗೆ ಬರಲಿಲ್ಲ.

ಹಲವು ವರ್ಷಗಳ ಬಳಿಕ ಅಡಿಕೆ ವ್ಯಾಪಾರದ ಅಂಗಡಿಯೊಂದರಲ್ಲಿ ಅವನನ್ನು ಕಂಡೆ. ಗಿರಾಕಿಗಳೊಡನೆ ತುಳು, ಮಲಯಾಳ, ಕನ್ನಡಗಳಲ್ಲಿ ನಿರರ್ಗಳವಾಗಿ ವ್ಯವಹರಿಸುತ್ತಿದ್ದ. ನನ್ನನ್ನು ಗುರುತಿಸಿ ಎದ್ದು ನಿಂತು ಕುರ್ಚಿ ಕೊಟ್ಟ. ಮಾತಿಗೆ ಮಾತು ಬಂದು ಹಳೆಯ ಸಂಗತಿಯನ್ನು ನಾನೇ ಕೇಳಿದೆ. “ಮನೆಯಲ್ಲಿ ಕನ್ನಡ ಇರಲಿಲ್ಲ ಸರ್. ನೀವು ಕೇಳಿದ್ದನ್ನು ಒಳಗೊಳಗೇ ತುಳುವಿಗೆ ಹಾಕಿ, ಉತ್ತರವನ್ನು ಕನ್ನಡ ಮಾಡಿ, ತಪ್ಪಿಲ್ಲವೆಂದು ಬಾಯಲ್ಲಿ ಹೇಳಿ ನೋಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನೀವು ಮುಂದಿನವನನ್ನು ಕೇಳುತ್ತಿದ್ದಿರಿ” ಎಂದ. ಅವನ ಧ್ವನಿಯಲ್ಲಿ ದೂರಿನ ಛಾಯೆಯಿರಲಿಲ್ಲ. ಅದೇ ನನಗೆ ಹೆಚ್ಚು ನೋವನ್ನುಂಟುಮಾಡಿತು. ನಾನು ಹುಚ್ಚೆಂದು ಬಗೆದದ್ದು ಅನುವಾದವಾಗಿತ್ತು.

ನನ್ನ ಕೈಯಲ್ಲಿ ಅಂದು ಪ್ರಶ್ನಾವಳಿಯೇನೂ ಇರಲಿಲ್ಲ. ಆದರೆ ಮನಸ್ಸಿನಲ್ಲೊಂದು ಇತ್ತು. ಬೆರೆಯುವುದಿಲ್ಲ, ಹೌದು. ಕಣ್ಣೆತ್ತುವುದಿಲ್ಲ, ಹೌದು. ವಿಚಿತ್ರ ಮಾತು, ಹೌದು. ಕೂಡಿಸಿ ತೀರ್ಪು ಕೊಟ್ಟೆ. ಅವನ ಮನೆಯ ಭಾಷೆ ಯಾವುದೆಂದು ಕೇಳುವ ಒಂದು ಪ್ರಶ್ನೆ ಮಾತ್ರ ನನಗೆ ಹೊಳೆಯಲಿಲ್ಲ.

ಆದುದರಿಂದ ಹಳೆ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಇಂತಹ ಪ್ರಶ್ನಾವಳಿಗಳು ಇಂದು ಫೋನುಗಳಲ್ಲಿಯೂ ಸುಲಭವಾಗಿ ದೊರೆಯುತ್ತವೆ. ಅವುಗಳ ಅಂಕವನ್ನು ನೋಡಿ ನಿಮಗಾಗಲಿ ನಿಮ್ಮ ಮಕ್ಕಳಿಗಾಗಲಿ ಹೆಸರು ಹಚ್ಚಬೇಡಿರಿ. ಮನೆಯಲ್ಲಿ ಯಾರಾದರೂ ನಿಜವಾಗಿ ನರಳುತ್ತಿದ್ದರೆ ಮುಚ್ಚಿಡಬೇಡಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಕರೆಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬೇಕೆಂದು ಕೇಳಿಕೊಳ್ಳಿರಿ. ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳಲಾರದವನ ನೋವನ್ನು ಯಾವ ಅಳತೆಯೂ ಅಳೆಯಲಾರದು.

ನಮ್ಮ ವಿದ್ಯಾರ್ಥಿನಿಯು ತನ್ನ ಕರಡನ್ನು ಹಿಂದೆ ಪಡೆದು, ಪುನಃ ಮೊದಲಿನಿಂದ ಬರೆಯುತ್ತಿದ್ದಾಳೆ. ಪ್ರತಿ ಪ್ರಶ್ನೆಯನ್ನೂ ಊರವರ ಮುಂದಿಟ್ಟು ಕೇಳುತ್ತೇನೆಂದಿದ್ದಾಳೆ. ಐವತ್ತು ವರ್ಷಗಳಿಂದ ಈ ಗಡಿಯಲ್ಲಿ ಮಕ್ಕಳಿಗೆ ಕನ್ನಡವನ್ನು ಕಲಿಸಿದ ನಮ್ಮ ಶಾಲೆಯು, ಇನ್ನು ಮುಂದೆ ಉತ್ತರಕ್ಕಾಗಿ ಗುಣುಗುಣಿಸುವ ಮಗುವಿನ ಮುಂದೆ ಇನ್ನೊಂದು ನಿಮಿಷ ಕಾಯುವ ತಾಳ್ಮೆಯನ್ನೂ ಉಳಿಸಿಕೊಂಡು ಬೆಳೆಯಲೆಂದು ಹಾರೈಸುತ್ತೇನೆ.